ಕೆಲಸ ಕಲಿತವರು ಬೆಂಗಳೂರಿಗೆ ಹೊರಟುಬಿಡುತ್ತಾರೆ, ಏನು ಮಾಡಬೇಕು?

ಪ್ರಶ್ನೆ: ದಾವಣಗೆರೆಯ ಒಂದು ಕಚೇರಿಯ ವ್ಯವಸ್ಥಾಪಕಿ

ನಮ್ಮದು ಹೊರ ಊರಿನ ಕಂಪನಿಗಳ ಲೆಕ್ಕಪತ್ರ ಮತ್ತು ಜಿಎಸ್‌ಟಿ ಕೆಲಸವನ್ನು ಮಾಡಿಕೊಡುವ ಕಚೇರಿ. ಸುಮಾರು ಅರವತ್ತು ಮಂದಿ ಇದ್ದೇವೆ. ಹೆಚ್ಚಿನವರು ಇಲ್ಲಿಯೇ ಬಿಕಾಂ ಮುಗಿಸಿದ ಹುಡುಗ ಹುಡುಗಿಯರು. ಕೆಲಸ ಕೈಗೆ ಹತ್ತುವಷ್ಟರಲ್ಲಿ ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಹೋಗುತ್ತಾರೆ. ಅಲ್ಲಿನಷ್ಟು ಸಂಬಳ ಕೊಡುವ ಶಕ್ತಿ ನಮಗಿಲ್ಲ. ಹುಟ್ಟುಹಬ್ಬದ ಆಚರಣೆ, ಯೋಗ ಶಿಬಿರ, ವರ್ಷಕ್ಕೊಂದು ಪ್ರವಾಸ ಎಲ್ಲವನ್ನೂ ಮಾಡುತ್ತಿದ್ದೇವೆ. ಆದರೂ ಉಳಿದವರ ಮುಖದಲ್ಲಿ ದಣಿವೇ ಕಾಣುತ್ತದೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಿದ್ಧ ಉಡುಪು ಘಟಕಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಂಡವರು, ದಾವಣಗೆರೆ

ಮೇಡಂ, ಬಿಟ್ಟು ಹೋಗುವವರು ಅರ್ಜಿಯಲ್ಲಿ "ಸ್ವಂತ ಕಾರಣ" ಎಂದು ಬರೆಯುತ್ತಾರೆ. ಬಾಯಿಬಿಟ್ಟು ಕೇಳಿದರೆ ಸಂಬಳ ಎನ್ನುತ್ತಾರೆ, ಏಕೆಂದರೆ ಆ ಉತ್ತರದಿಂದ ಯಾರ ಮನಸ್ಸೂ ನೋಯುವುದಿಲ್ಲ. ನಿಜವಾದ ಕಾರಣವನ್ನು ಹಾಜರಿ ಪುಸ್ತಕದಲ್ಲಿ ಹುಡುಕಬೇಕು. ರಾಜೀನಾಮೆಗೆ ಮುಂಚಿನ ಆರು ತಿಂಗಳಲ್ಲಿ ಆ ವ್ಯಕ್ತಿ ಎಷ್ಟು ಬಾರಿ ರಜೆ ಕೇಳಿದರು, ಎಷ್ಟು ಸಿಕ್ಕಿತು, ಸಂಜೆ ಎಷ್ಟು ಹೊತ್ತಿಗೆ ಹೊರಟರು, ಯಾರ ಕೈಕೆಳಗೆ ಇದ್ದರು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ನೋಡಿ. ನಾವು ಹಾಗೆ ಬರೆದಾಗ ಬಿಟ್ಟು ಹೋದವರಲ್ಲಿ ಹೆಚ್ಚಿನವರು ಒಂದೆರಡು ಲೈನ್‌ಗಳವರೇ (ಹೊಲಿಗೆ ಯಂತ್ರಗಳ ಸಾಲುಗಳವರೇ) ಎಂಬುದು ಎದ್ದು ಕಂಡಿತು. ಅದೇ ಸಂಬಳ, ಅದೇ ಊಟ, ಅದೇ ಬಸ್ಸು ಇದ್ದ ಪಕ್ಕದ ಲೈನ್‌ನಲ್ಲಿ ಜನ ವರ್ಷಗಟ್ಟಲೆ ಇದ್ದರು.

ಆ ಎರಡು ಲೈನ್‌ಗಳಲ್ಲಿ ನಡೆಯುತ್ತಿದ್ದುದನ್ನು ಹೇಳುತ್ತೇನೆ. ದುಗ್ಗಮ್ಮನ ಜಾತ್ರೆ ಎಂದರೆ ದಾವಣಗೆರೆಯಲ್ಲಿ ನೆಂಟರಿಲ್ಲದ ಮನೆ ಇರುವುದಿಲ್ಲ. ಹಬ್ಬದ ಅಡುಗೆ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ. ಮೆಕ್ಕೆಜೋಳದ ಕಟಾವು ಬಂದಾಗ ಹಳ್ಳಿಯಿಂದ ಬರುವವರು ಹೊಲಕ್ಕೆ ಹೋಗಲೇಬೇಕು. ರಜೆ ಅರ್ಜಿಗಳು ಒಟ್ಟಿಗೆ ಬರುತ್ತಿದ್ದವು, ಸೂಪರ್‌ವೈಸರ್ ಎಲ್ಲವನ್ನೂ ವಾಪಸ್ ಕೊಡುತ್ತಿದ್ದರು, ಹೆಣ್ಣುಮಕ್ಕಳು ಹೇಳದೆ ಕೇಳದೆ ಗೈರಾಗುತ್ತಿದ್ದರು. ಮರಳಿ ಬಂದ ದಿನ ಎಲ್ಲರ ಎದುರು ನಿಲ್ಲಿಸಿ ಬೈಯುವುದು, ಆಮೇಲೆ ಸಂಬಳ ಕಡಿತ. ಹಣ ಹೋದದ್ದಕ್ಕಿಂತ ಆ ಬೈಗುಳಕ್ಕೆ ಮನಸ್ಸು ಮುರಿಯುತ್ತಿತ್ತು, ಮುಂದಿನ ತಿಂಗಳು ಅವರು ಕಾಣಿಸುತ್ತಿರಲಿಲ್ಲ.

ಜಾತ್ರೆಯೂ ಕಟಾವೂ ಯಾವಾಗ ಬರುತ್ತವೆ ಎಂಬುದು ಮೊದಲೇ ಗೊತ್ತಿರುವ ಸಂಗತಿ. ಆದ್ದರಿಂದ ವರ್ಷದ ಆರಂಭದಲ್ಲೇ ರಜೆಯ ಪಟ್ಟಿಯನ್ನು ಗೋಡೆಗೆ ಹಾಕಿ, ಯಾರು ಯಾವ ದಿನ ಹೋಗಬೇಕೆಂಬುದನ್ನು ಲೈನ್‌ನವರೇ ತಮ್ಮತಮ್ಮಲ್ಲಿ ಮಾತನಾಡಿ ತೀರ್ಮಾನಿಸಲು ಬಿಟ್ಟೆವು. ಆ ವಾರದ ಟಾರ್ಗೆಟ್ಟನ್ನು ಮುಂಚಿತವಾಗಿಯೇ ಇಳಿಸಿ, ಸರಕು ಕೊಳ್ಳುವವರಿಗೂ ತಿಳಿಸಿದೆವು. ಹೇಳದೆ ಗೈರಾಗುವುದು ಬಹುಪಾಲು ನಿಂತಿತು. ಸೂಪರ್‌ವೈಸರ್‌ಗಳ ವಾರ್ಷಿಕ ಮೌಲ್ಯಮಾಪನದಲ್ಲಿ ಎಷ್ಟು ಪೀಸ್ ಹೊರಬಂತು ಎಂಬುದರ ಜೊತೆಗೆ ಎಷ್ಟು ಜನ ಉಳಿದರು ಎಂಬುದನ್ನೂ ಸೇರಿಸಿದೆವು.

ನಿಮ್ಮ ಕೆಲಸಕ್ಕೂ ಇಂಥದೇ ಪಂಚಾಂಗವಿದೆ. ತಿಂಗಳ ಲೆಕ್ಕ ಸಲ್ಲಿಸುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ತೆರಿಗೆ ಕಟ್ಟುವ 3ಬಿಗೆ 20ನೇ ತಾರೀಖು; ಅದರ ಮೇಲೆ ಸೆಪ್ಟೆಂಬರ್ ಕೊನೆಯ ಆಡಿಟ್ ವರದಿ. ಆ ದಿನಗಳಲ್ಲಿ ರಾತ್ರಿಯವರೆಗೆ ಕೂರುವುದು ಅನಿವಾರ್ಯವಿದ್ದರೆ, 20 ಕಳೆದ ಮೇಲೆ ಸರದಿಯಂತೆ ಒಂದು ಪೂರ್ಣ ದಿನದ ಬದಲಿ ರಜೆಯನ್ನು ಯಾರೂ ಕೇಳುವ ಮೊದಲೇ ಬರೆದಿಡಿ. ಪ್ರವಾಸದ ಖರ್ಚನ್ನು ಇದಕ್ಕೆ ತಿರುಗಿಸಿದರೂ ತಪ್ಪಿಲ್ಲ.

ಉತ್ತರ: ಶುಶ್ರೂಷಾ ಅಧಿಕಾರಿ, ಚಿತ್ರದುರ್ಗ

ನಿಮ್ಮಲ್ಲಿ ಅರವತ್ತು ಜನ ಇರುವುದರಿಂದ ಒಂದು ವಿಷಯ ಗಮನಕ್ಕೆ ತರಬೇಕೆನಿಸಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನು ಕೊಟ್ಟಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಬಿಡಬೇಕು ಎಂದೂ ಅದು ಹೇಳಿತು. ಅಕ್ಕಪಕ್ಕದ ಸಂಸ್ಥೆಗಳು ಸೇರಿ ಒಂದೇ ಕೇಂದ್ರ ನಡೆಸಬಹುದು. ಹೆರಿಗೆಯಾದ ಮೇಲೆ ಮರಳಿ ಬರುವ ಹೆಣ್ಣುಮಗಳು ಬೆಂಗಳೂರಿಗೆ ಹೋಗುವವಳಲ್ಲ, ಅವಳ ಮನೆ ಮಠ ಎಲ್ಲವೂ ಇಲ್ಲಿಯೇ ಇರುತ್ತದೆ. ಮಗುವನ್ನು ನೋಡಿಕೊಳ್ಳುವವರಿಲ್ಲದೆ ಕೆಲಸವನ್ನೇ ಬಿಡುತ್ತಾಳೆ. ನಮ್ಮ ವಾರ್ಡುಗಳಲ್ಲಿ ಪಳಗಿದ ಸಿಸ್ಟರ್‌ಗಳನ್ನು ನಾವು ಹೆಚ್ಚಾಗಿ ಕಳೆದುಕೊಂಡದ್ದು ಹೀಗೆಯೇ.

ಉತ್ತರ: ಬೆಂಗಳೂರಿನಿಂದ ಮರಳಿ ಬಂದ ಲೆಕ್ಕಿಗ, ದಾವಣಗೆರೆ

ನಾನು ನಿಮ್ಮಂಥದೇ ಕಚೇರಿಯೊಂದನ್ನು ಬಿಟ್ಟು ಬೆಂಗಳೂರಿಗೆ ಹೋಗಿ, ತಂದೆಯವರ ಆರೋಗ್ಯ ಕೆಟ್ಟ ಮೇಲೆ ಊರಿಗೆ ಬಂದವನು. ಹೋಗುವಾಗ ಹೆಚ್ಚಿನ ಸಂಬಳದ ಆಸೆ ಇದ್ದದ್ದು ನಿಜ. ಆದರೆ ಮೊದಲ ದಿನ ಮಾಡಿದ ಖರೀದಿ ಬಿಲ್ ನಮೂದನ್ನೇ ಕೊನೆಯ ದಿನವೂ ಮಾಡುತ್ತಿದ್ದೆ. ಯಾರ ಲೆಕ್ಕ ಬರೆಯುತ್ತಿದ್ದೇನೋ ಆ ಗ್ರಾಹಕರ ಜೊತೆ ಒಂದು ಬಾರಿಯೂ ಮಾತನಾಡಿರಲಿಲ್ಲ. ಇಲ್ಲಿದ್ದರೆ ಮುಂದೆ ಏನಾಗುತ್ತೇನೆ ಎಂಬುದಕ್ಕೆ ಕಚೇರಿಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಈಗ ಇರುವಲ್ಲಿ ಸಿಎಂಎ (ವೆಚ್ಚ ಲೆಕ್ಕಿಗರ) ಪರೀಕ್ಷೆಯ ಶುಲ್ಕವನ್ನು ಕಚೇರಿಯೇ ಕಟ್ಟುತ್ತದೆ, ಪರೀಕ್ಷೆಗೆ ಮೊದಲು ಓದಲು ರಜೆ ಕೊಡುತ್ತದೆ, ವರ್ಷ ತುಂಬಿದವರಿಗೆ ಒಂದು ಸಣ್ಣ ಗ್ರಾಹಕರ ಪೂರ್ಣ ಜವಾಬ್ದಾರಿ ಒಪ್ಪಿಸುತ್ತದೆ.

ಇನ್ನೊಂದು ಮಾತು. ಹೋಗುವವರನ್ನು ಮುನಿಸಿಕೊಂಡು ಕಳುಹಿಸಬೇಡಿ. ಅನುಭವ ಪ್ರಮಾಣಪತ್ರವನ್ನು ಸತಾಯಿಸದೆ ಕೊಡಿ. ನಮ್ಮ ಪ್ರಾಯದವರಲ್ಲಿ ಅನೇಕರು ಮದುವೆಯ ನಂತರ ಅಥವಾ ತಂದೆತಾಯಿಗೆ ವಯಸ್ಸಾದಾಗ ಊರಿಗೆ ಮರಳಲು ದಾರಿ ನೋಡುತ್ತಾರೆ. 2023ರಿಂದ ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುತ್ತಿರುವುದರಿಂದ, ಬೆಂಗಳೂರಿನ ಗ್ರಾಹಕರ ಬಳಿಗೆ ಬೇಕಾದಾಗ ಹೋಗಿ ಬರುವ ಕೆಲಸಕ್ಕೆ ಅಂಥವರೇ ತಕ್ಕವರು.

ಉತ್ತರ: ಆಪ್ತ ಸಮಾಲೋಚಕಿ, ದಾವಣಗೆರೆ

ಉಳಿದವರು ದಣಿದಿದ್ದಾರೆ ಎಂದು ಬರೆದಿದ್ದೀರಿ; ನನ್ನ ಮನಸ್ಸು ಅಲ್ಲಿಯೇ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೆಲಸದ ಇಂಥ ದಣಿವನ್ನು (ಬರ್ನ್‌ಔಟ್) ರೋಗವೆಂದು ಪರಿಗಣಿಸದೆ, ಉದ್ಯೋಗದಿಂದ ಉಂಟಾಗುವ ಸ್ಥಿತಿ ಎಂದು ವಿವರಿಸಿತು: ಮೈಮನಗಳ ಬಳಲಿಕೆ, ಕೆಲಸದ ಬಗ್ಗೆ ಬೇಸರ ಮತ್ತು ದೂರಭಾವ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಕಾರಣ ಕೆಲಸದಲ್ಲಿರುವಾಗ ಯೋಗ ಶಿಬಿರವೊಂದರಿಂದಲೇ ಅದು ಇಳಿಯದು. ಮೇಲೆ ಹೇಳಿದ ಬದಲಿ ರಜೆಯೂ ಜವಾಬ್ದಾರಿಯೂ ಇದರ ಚಿಕಿತ್ಸೆಯ ಭಾಗವೇ ಎಂದು ನಾನು ತಿಳಿಯುತ್ತೇನೆ.

ನಿದ್ದೆ ಕೆಟ್ಟವರಿಗೆ, ಅಳು ತಡೆಯಲಾಗದವರಿಗೆ ಬೇರೆ ನೆರವು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಸಂಬಳದ ಚೀಟಿಯ ಮೇಲೆ ಅಚ್ಚು ಹಾಕಿಸಿದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದೇ ಇರುತ್ತದೆ. ವೈದ್ಯರ ಪ್ರಮಾಣಪತ್ರವಿದ್ದರೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ 70 ಪ್ರತಿಶತ ಅಲ್ಲಿಂದ ಸಿಗುತ್ತದೆ. ನನ್ನ ಬಳಿ ಬರುವ ಹುಡುಗರಲ್ಲಿ ಹಲವರಿಗೆ ತಮ್ಮ ಸಂಬಳದಿಂದ ಆ ಹಣ ಕಡಿತವಾಗುವುದು ಗೊತ್ತು, ಈ ಹಕ್ಕು ಗೊತ್ತಿರುವುದಿಲ್ಲ. ಯಾರು ಸಮಾಲೋಚನೆಗೆ ಹೋದರು ಎಂಬುದನ್ನು ಮಾತ್ರ ಕಚೇರಿ ಎಂದೂ ವಿಚಾರಿಸಬಾರದು.

ಉತ್ತರ: ಎಣ್ಣೆ ಗಿರಣಿಯ ಮಾಲೀಕರು, ಚಳ್ಳಕೆರೆ

ಎಲ್ಲರೂ ಹೇಳಿದ್ದು ಸರಿ, ಆದರೆ ಸಂಬಳದ ಮಾತನ್ನು ಬದಿಗೆ ಸರಿಸಬೇಡಿ ತಂಗಿ. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು "ಮಾಡಿದಷ್ಟು ನೀಡು ಭಿಕ್ಷೆ" ಎಂದರು. ಕೆರೆ ಕಟ್ಟಿಸಿದವರ ಮಾತು ಅದು, ದುಡಿಮೆಯ ಬೆಲೆ ತಿಳಿದು ಆಡಿದ ಮಾತು ಎಂದು ನಾನು ನಂಬುತ್ತೇನೆ. ಬೆಂಗಳೂರಿನ ಸಂಬಳಕ್ಕೆ ಸಮ ಮಾಡಲು ನಮ್ಮಿಂದಾಗದು. ಆದರೆ ಹೊಸದಾಗಿ ಸೇರಿದವನಿಗೆ ಹಳಬನಿಗಿಂತ ಹೆಚ್ಚು ಕೊಟ್ಟರೆ, ಅಥವಾ ರಾಜೀನಾಮೆ ಪತ್ರ ಮೇಜಿನ ಮೇಲೆ ಬಂದ ದಿನವೇ ಸಂಬಳ ಏರಿಸಿದರೆ, ಸುಮ್ಮನೆ ದುಡಿಯುತ್ತಿದ್ದವರೆಲ್ಲರಿಗೂ ಬೇರೆ ಪಾಠ ಹೇಳಿಕೊಟ್ಟಂತಾಗುತ್ತದೆ. ಏರಿಕೆಯ ತಿಂಗಳನ್ನೂ ಅದರ ಆಧಾರವನ್ನೂ ಮೊದಲೇ ಹೇಳಿ, ಆ ತಿಂಗಳಲ್ಲೇ ಕೊಡಿ. ಐದು ವರ್ಷ ತುಂಬಿದವರಿಗೆ ಕೆಲಸ ಬಿಡುವಾಗ ಸಿಗುವ ಇಡುಗಂಟಾದ ಗ್ರಾಚ್ಯುಟಿ ಇದೆ, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳದ ಲೆಕ್ಕ. ಈವರೆಗೆ ಎಷ್ಟು ಕೂಡಿದೆ ಎಂಬುದನ್ನು ನಾನು ಪ್ರತಿ ಯುಗಾದಿಗೆ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮೂರು ನಾಲ್ಕು ವರ್ಷ ಆದವರು ಅದನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿ ಯೋಚನೆ ಮಾಡುತ್ತಾರೆ.