ಒಂದೇ ಕರಿಬೇವಿನ ಗಿಡದಲ್ಲಿ ಎರಡು ಥರ ಚಿಟ್ಟೆ, ಹೆಂಗೆ?

ಟೆರೇಸ್‌ತೋಟ_ತುಮಕೂರು
ಕುಂಡದಲ್ಲಿರೋ ಕರಿಬೇವಿನ ಗಿಡದಲ್ಲಿ ಹಕ್ಕಿ ಹಿಕ್ಕೆ ಥರ ಕಾಣೋ ಹುಳ ಇದ್ವು, ಆಮೇಲೆ ಹಸಿರಾದ್ವು, ಅಮ್ಮ ಕಿತ್ತು ಬಿಸಾಕು ಅಂದ್ರೂ ಕೇಳದೆ ಎರಡನ್ನ ಡಬ್ಬಿಲಿಟ್ಟು ದಿನಾ ಎಲೆ ಹಾಕಿ ಸಾಕ್ದೆ. ಮುಟ್ಟಿದ್ರೆ ತಲೆ ಹಿಂದಿಂದ ಕೆಂಪು ಕೊಂಬು ಚಾಚುತ್ತೆ, ಗಬ್ಬು ವಾಸನೆ ಬೇರೆ. ಈಗ ಗೂಡಿಂದ ಎರಡೂ ಹೊರಗೆ ಬಂದಿವೆ. ಒಂದು ಪೂರ್ತಿ ಕಪ್ಪು, ಹಿಂದಿನ ರೆಕ್ಕೇಲಿ ಬಿಳಿ ಚುಕ್ಕೆ ಸಾಲು. ಇನ್ನೊಂದಕ್ಕೆ ನಡುವೆ ಬಿಳಿ ಮಚ್ಚೆ, ಅಂಚಲ್ಲಿ ಕೆಂಪು. ಎರಡಕ್ಕೂ ಬಾಲ ಇದೆ. ಮೊಬೈಲ್ ಆಪ್ ಎರಡನೇದು ಕಾಮನ್ ರೋಸ್ ಅಂತಿದೆ, ಹೌದಾ?

ಹುಳದಹಿಂದೆ
ಆಪ್ ಪಾಪ ಮೋಸ ಹೋಗಿದೆ, ಹಕ್ಕಿಗಳೂ ಹೀಗೇ ಮೋಸ ಹೋಗ್ತವೆ ಬಿಡಿ. ಕಾಮನ್ ರೋಸ್ ಹುಳ ಕರಿಬೇವು ಮುಟ್ಟಲ್ಲ, ಅದಕ್ಕೆ ಈಶ್ವರಿ ಬಳ್ಳಿನೇ ಬೇಕು, ಆ ಬಳ್ಳಿ ವಿಷ ಮೈಗೆ ಸೇರಿರೋದ್ರಿಂದ ಹಕ್ಕಿಗಳು ರೋಸ್ ತಂಟೆಗೆ ಹೋಗಲ್ಲ. ನಿಮ್ಮದು ಎರಡೂ ಕಾಮನ್ ಮಾರ್ಮನ್ ಅನ್ನೋ ಒಂದೇ ಜಾತಿ ಚಿಟ್ಟೆ. ಇದಕ್ಕೆ ವಿಷ ಇಲ್ಲ, ಅದಕ್ಕೇ ಹೆಣ್ಣು ರೋಸ್ ವೇಷ ಹಾಕುತ್ತೆ. ರೆಕ್ಕೆ ಬಿಟ್ಟು ಮೈ ನೋಡಿ, ರೋಸ್ ಆದ್ರೆ ಹೊಟ್ಟೆ ಕೆಂಪು, ಮಾರ್ಮನ್ ಆದ್ರೆ ಕಪ್ಪು. ಗಂಡಿನ ಥರನೇ ಕಾಣೋ ಹೆಣ್ಣೂ ಇದೆ, ಸೋ ಮೊದಲನೇದನ್ನ ಗಂಡು ಅಂತ ಫಿಕ್ಸ್ ಮಾಡ್ಬೇಡಿ.

ಗೂಬೆಕಣ್ಣು
ಮಾರ್ಮನ್ ಹೆಣ್ಣಿಗೆ ಮೂರನೇ ವೇಷನೂ ಇದೆ, ಕ್ರಿಮ್ಸನ್ ರೋಸ್ ಅನ್ನೋ ಇನ್ನೊಂದು ಚಿಟ್ಟೆ ಥರದ್ದು. ಈ ವೇಷ ಬದಲಾವಣೆಯೆಲ್ಲ ಡಬಲ್‌ಸೆಕ್ಸ್ ಅನ್ನೋ ಒಂದೇ ಜೀನ್ ಆಟ ಅಂತ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ನೇಚರ್ ಪತ್ರಿಕೇಲಿ ತೋರಿಸಿದ್ರು. ಕುಂಟೆ ಅವರ ಲ್ಯಾಬ್ ಇರೋದು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲೇ.

ಅಡಿಕೆಮರದಡಿ_ಶಿರಸಿ
ನಮ್ಮ ಬದಿಗೆ ಬನ್ನಿ ಮಾರಾಯ್ರೇ. ಈ ಮಾರ್ಮನ್, ರೋಸ್ ಎಲ್ಲ ಸೇರಿರೋ ಸ್ವಾಲೋಟೇಲ್ ಕುಟುಂಬದ 19 ಜಾತಿ ಪಶ್ಚಿಮ ಘಟ್ಟದಲ್ಲಿವೆ. ಮಲಬಾರ್ ಬ್ಯಾಂಡೆಡ್ ಪೀಕಾಕ್ ಅಂತೂ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಅದರ ಹುಳಕ್ಕೆ ಜುಮ್ಮನಕಾಯಿ ಮರದ ಎಲೆನೇ ಆಗ್ಬೇಕು, ಮುಳ್ಳು ಜಾಸ್ತಿ ಅಂತ ಮರ ಕಡಿದ್ರೆ ಚಿಟ್ಟೆನೂ ಹೋದ ಹಾಗೆ. ಕೇರಳದವರು ಅದನ್ನೇ ರಾಜ್ಯದ ಚಿಟ್ಟೆ ಮಾಡ್ಕೊಂಡ್ರು, ಮಹಾರಾಷ್ಟ್ರ ಬ್ಲೂ ಮಾರ್ಮನ್ ತಗೊಳ್ತು, ನಮ್ಮದು ಸದರ್ನ್ ಬರ್ಡ್‌ವಿಂಗ್. ಬರ್ಡ್‌ವಿಂಗ್‌ಗೆ ಬಾಲನೇ ಇಲ್ಲ, ಆದ್ರೂ ಸ್ವಾಲೋಟೇಲ್ ಮನೆತನವೇ, ನಿಂಬೆ ಚಿಟ್ಟೆದೂ ಅದೇ ಕತೆ. ಶ್ರೀಲಂಕಾದ್ದು ಬೇರೆ ಬರ್ಡ್‌ವಿಂಗ್, ಹಿಮಾಲಯದ್ದು ಗೋಲ್ಡನ್ ಬರ್ಡ್‌ವಿಂಗ್. ದೇಶದಲ್ಲೇ ದೊಡ್ಡ ಚಿಟ್ಟೆ ಅನ್ನೋ ಪಟ್ಟ 1932ರಿಂದ 190 ಮಿಲಿಮೀಟರ್ ರೆಕ್ಕೆ ಅಗಲದ ಲೆಕ್ಕದಲ್ಲಿ ನಮ್ಮದಕ್ಕೇ ಇತ್ತು, 2020ರಲ್ಲಿ ಹಿಮಾಲಯದ್ದು 194 ಅಂತ ಸುದ್ದಿ ಬಂತು. ನಾಲ್ಕೇ ನಾಲ್ಕು ಮಿಲಿಮೀಟರ್! ನನಗಿನ್ನೂ ಹೊಟ್ಟೆಯುರಿ.

ಪಾತರಗಿತ್ತಿ_ಧಾರವಾಡ
ನಿಂಬಿ ಗಿಡದಾಗಿನ ಹುಳಾನೂ ಹಿಂಗ ಹಿಕ್ಕಿ ಕಂಡಂಗ ಕಾಣ್ತಾವ್ರಿ, ನಾನು ಮೂರು ವರ್ಷ ಅವಕ್ಕ ಬೇವಿನೆಣ್ಣಿ ಹೊಡದೀನಿ, ಈಗ ಓದಿ ಕೆಟ್ಟ ಅನಸಾಕತ್ತೈತಿ.

ಟೆರೇಸ್‌ತೋಟ_ತುಮಕೂರು
ವಿಡಿಯೋ ಝೂಮ್ ಮಾಡಿ ನೋಡ್ದೆ, ಹೊಟ್ಟೆ ಕಪ್ಪೇ! ಥ್ಯಾಂಕ್ಸ್ ಎಲ್ರಿಗೂ. ಅಮ್ಮಂಗೆ ಹೇಳಿದ್ರೆ, ವೇಷ ಏನಾದ್ರೂ ಹಾಕ್ಲಿ, ಒಗ್ಗರಣೆಗೆ ನಾಕು ಎಲೆ ಉಳಿಸಿದ್ರೆ ಸಾಕು ಅಂದ್ರು. ಈಶ್ವರಿ ಬಳ್ಳಿ ಕುಂಡದಲ್ಲಿ ಬರುತ್ತಾ?