ಗಲಾಗ ಯಂತ್ರದ ಪರದೆಯಲ್ಲಿ ಒಂದೇ ಗೆರೆ: ಅನುಭವ ಇದ್ದವರು ಹೇಳಿ

ಪ್ರಶ್ನೆ:

1981ರ ಗಲಾಗ ಯಂತ್ರ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್), ಒಳಗಿರುವುದು 19 ಇಂಚಿನ ಎಲೆಕ್ಟ್ರೊಹೋಮ್ ಜಿ07 ಮಾನಿಟರ್. ನಿನ್ನೆ ಆಡುತ್ತಿದ್ದಾಗ ಚಿತ್ರ ಎಡ ಬಲ ಎರಡೂ ಕಡೆಯಿಂದ ಕುಗ್ಗಿತು. ಈಗ ನಡುವೆ, ಮೇಲಿಂದ ಕೆಳಗೆ, ನೆಟ್ಟಗೆ ನಿಂತ ಒಂದು ಗೆರೆ ಮಾತ್ರ ಉಳಿದಿದೆ. ಶಬ್ದ ಸರಿಯಾಗಿದೆ, ನಾಣ್ಯ ಹಾಕಿದರೆ ಆಟವೂ ಶುರುವಾಗುತ್ತದೆ. ನೆಟ್ಟ ಗೆರೆ ಬಂದರೆ ಹಾರಿಜಾಂಟಲ್ ಯೋಕ್, ಅಂದರೆ ಟ್ಯೂಬಿನ ಕಿರಣವನ್ನು ಎಡಬಲಕ್ಕೆ ಓಡಿಸುವ ಸುರುಳಿ, ಹೋಗಿದೆ ಎಂದು ಎಲ್ಲೋ ಓದಿದೆ. ಇನ್ನೊಬ್ಬರು ಕೆಪಾಸಿಟರ್ ಕಿಟ್ ತರಿಸಿ ಎಲ್ಲವನ್ನೂ ಬದಲಿಸಿಬಿಡಿ ಎಂದರು. ನನಗೆ ಬೆಸುಗೆ ಹಾಕಲು ಬರುತ್ತದೆ, ಮಲ್ಟಿಮೀಟರ್ ಇದೆ. ಪಿಕ್ಚರ್ ಟ್ಯೂಬ್ ಇರುವ ಯಾವುದನ್ನೂ ಇದುವರೆಗೆ ಬಿಚ್ಚಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಮೊದಲು ಯಂತ್ರ ಆರಿಸಿಡಿ. ಟ್ಯೂಬಿನ ಶಕ್ತಿಯೆಲ್ಲ ಆ ಒಂದೇ ಗೆರೆಯ ಮೇಲೆ ಬೀಳುತ್ತಿದೆ, ಹೆಚ್ಚು ಹೊತ್ತು ಬಿಟ್ಟರೆ ಪರದೆಯ ಒಳಬದಿಯ ಹೊಳೆಯುವ ಲೇಪ (ಫಾಸ್ಫರ್) ಸುಟ್ಟು ಶಾಶ್ವತ ಕಲೆಯಾಗುತ್ತದೆ. ಪರೀಕ್ಷೆಗೆಂದು ಹಚ್ಚಲೇಬೇಕಾದಾಗ ಬ್ರೈಟ್‌ನೆಸ್ ಪೂರ್ತಿ ಇಳಿಸಿಕೊಳ್ಳಿ.

ಇನ್ನು ಗೆರೆಯ ವಿಷಯ. ನೀವು ಓದಿದ್ದು ಟಿವಿಗೆ ಸರಿ, ಗಲಾಗಕ್ಕೆ ಅಲ್ಲ. ಈ ಆಟದಲ್ಲಿ ಟ್ಯೂಬನ್ನು ಪಕ್ಕಕ್ಕೆ ಮಲಗಿಸಿ ಕೂರಿಸಿರುತ್ತಾರೆ. ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್ ಯಂತ್ರಗಳಲ್ಲೂ ಹೀಗೆಯೇ. ಆಡುವವರಿಗೆ ನೆಟ್ಟಗೆ ಕಾಣುವ ಗೆರೆ ಟ್ಯೂಬಿನ ಮಟ್ಟಿಗೆ ಅಡ್ಡಗೆರೆ. ಅಡ್ಡಗೆರೆ ಅಂದರೆ ವರ್ಟಿಕಲ್ ಡಿಫ್ಲೆಕ್ಷನ್, ಕಿರಣವನ್ನು ಟ್ಯೂಬಿನ ಮೇಲೆ ಕೆಳಗೆ ಓಡಿಸುವ ಕೆಲಸ, ನಿಂತಿದೆ. ಮಾನಿಟರಿನ ಯಾವ ಮಾಹಿತಿ ಓದುವಾಗಲೂ ತಲೆಯನ್ನು 90 ಡಿಗ್ರಿ ವಾಲಿಸಿಕೊಂಡು ಓದಿ. ನಾನು ಇದನ್ನು ಮರೆತು ಹಾರಿಜಾಂಟಲ್ ಭಾಗದಲ್ಲಿ ಎರಡು ವಾರ ಹುಡುಕಿದ್ದೇನೆ, ಅಲ್ಲಿ ಏನೂ ಕೆಟ್ಟಿರಲಿಲ್ಲ.

ಗೆರೆ ಕಾಣುತ್ತಿರುವುದೇ ನಿಮಗೆ ದೊಡ್ಡ ಸಮಾಧಾನದ ಸಂಗತಿ. ಟ್ಯೂಬಿಗೆ ಬೇಕಾದ 20 ಸಾವಿರ ವೋಲ್ಟಿನ ಆಸುಪಾಸಿನ ಒತ್ತಡವನ್ನು ಕೊಡುವುದು ಫ್ಲೈಬ್ಯಾಕ್ ಎಂಬ ಟ್ರಾನ್ಸ್‌ಫಾರ್ಮರ್. ಅದನ್ನು ಸೆಕೆಂಡಿಗೆ ಸುಮಾರು 15,700 ಸಲ ಮಿಡಿಸುವುದು ಹಾರಿಜಾಂಟಲ್ ಭಾಗವೇ. ಅದು ಸತ್ತಿದ್ದರೆ ಪರದೆ ಪೂರ್ತಿ ಕಪ್ಪಾಗಿರುತ್ತಿತ್ತು. ಹಾಗಾಗಿ ಪವರ್ ಸಪ್ಲೈ, ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್, ಫ್ಲೈಬ್ಯಾಕ್, ಟ್ಯೂಬ್ ಇವೆಲ್ಲ ಜೀವಂತ ಇವೆ. ನೀವು ನೋಡಬೇಕಾದದ್ದು ಮಾನಿಟರ್ ಬೋರ್ಡಿನ ಒಂದು ಸಣ್ಣ ಮೂಲೆ.

ಕೈ ಹಾಕುವ ಮುನ್ನ ಡಿಸ್ಚಾರ್ಜ್ ಮಾಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನ ಲೋಹಕ್ಕೆ ಕ್ಲಿಪ್ ಇರುವ ತಂತಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದಿರುವ ಹೆಣೆದ ಅರ್ತ್ ತಂತಿಗೆ ಹಾಕಿ. ಒಂದು ಕೈ ಬೆನ್ನ ಹಿಂದೆ ಇರಲಿ. ಸ್ಕ್ರೂಡ್ರೈವರ್ ತುದಿಯನ್ನು, ಫ್ಲೈಬ್ಯಾಕಿನ ದಪ್ಪ ತಂತಿ ಟ್ಯೂಬಿಗೆ ಸೇರುವಲ್ಲಿರುವ ರಬ್ಬರ್ ಬಟ್ಟಲಿನ ಕೆಳಗೆ ಜಾರಿಸಿ ಒಳಗಿನ ಕೊಂಡಿಗೆ ತಾಗಿಸಿ. ಚಟ್ ಎನ್ನಬಹುದು, ಎನ್ನದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಏಕೆಂದರೆ ಗಾಜಿನಲ್ಲಿ ಹೀರಿಕೊಂಡಿದ್ದ ಚಾರ್ಜ್ ಮರಳಿ ಮೇಲೆ ಬರುತ್ತದೆ. ಟ್ಯೂಬಿನ ಕುತ್ತಿಗೆಗೆ ಏನೂ ತಗುಲದಂತೆ ನೋಡಿಕೊಳ್ಳಿ. ಅದು ಮುರಿದರೆ ಒಳಗೆ ಗಾಳಿ ನುಗ್ಗುತ್ತದೆ, ಆ ಟ್ಯೂಬ್ ಮುಗಿದಂತೆಯೇ.

ಆಮೇಲೆ ಬೋರ್ಡನ್ನು ಹೊರತೆಗೆದು ಬೆನ್ನಿನ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ, ಓರೆ ಬೆಳಕಿನಲ್ಲಿ ನೋಡಿ. ಯೋಕಿನ ಕನೆಕ್ಟರ್ ಪಿನ್ನುಗಳು, ಹೀಟ್‌ಸಿಂಕಿಗೆ ಕಚ್ಚಿಕೊಂಡ ಟ್ರಾನ್ಸಿಸ್ಟರುಗಳ ಕಾಲುಗಳು, ದೊಡ್ಡ ರೆಸಿಸ್ಟರುಗಳು ಇವೇ ಮೊದಲ ಅನುಮಾನಿತರು. ದಿನಾ ಬಿಸಿಯಾಗಿ ತಣ್ಣಗಾಗಿ, ಪಿನ್ನಿನ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಬಿಟ್ಟಿರುತ್ತದೆ. ಡ್ರೈ ಸೋಲ್ಡರ್ ಅಂದರೆ ಇದೇ. ಹಳೆಯ ಸೀಸ ಹೀರಿ ತೆಗೆದು ಹೊಸದು ಹಾಕಿ, ಬರೀ ಮೇಲಿಂದ ಕರಗಿಸಿ ಬಿಟ್ಟರೆ ಬಿರುಕು ಮರುಕಳಿಸುತ್ತದೆ.

ಅಲ್ಲೇನೂ ಸಿಗದಿದ್ದರೆ ಯೋಕಿನ ಪ್ಲಗ್ ಕಿತ್ತು ಎರಡು ಸುರುಳಿಗಳನ್ನೂ ಓಮ್ಸ್‌ನಲ್ಲಿ ಅಳೆಯಿರಿ. ಹಾರಿಜಾಂಟಲ್ ಸುರುಳಿ ಕಡಿಮೆ ತೋರಿಸುತ್ತದೆ, ವರ್ಟಿಕಲ್ ಅದಕ್ಕಿಂತ ಹೆಚ್ಚು. ವರ್ಟಿಕಲ್ ಓಪನ್ (ತಂತಿ ತುಂಡು) ಎಂದು ಬಂದರೆ ಮಾತ್ರ ಯೋಕಿನ ಮೇಲೆ ಅನುಮಾನ ಪಡಿ. ಅದೂ ಸರಿ ಇದ್ದರೆ ವರ್ಟಿಕಲ್ ಭಾಗಕ್ಕೆ ವಿದ್ಯುತ್ ತರುವ ರೆಸಿಸ್ಟರ್, ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು. ಕೆಪಾಸಿಟರ್ ಇಷ್ಟೆಲ್ಲ ಆದಮೇಲೆ.

ಇನ್ನೊಬ್ಬರ ಉತ್ತರ:

ಮೇಲಿನವರು ಕೆಪಾಸಿಟರ್ ಕೊನೆಗೆ ಎಂದಿದ್ದನ್ನು ನಾನೂ ಒತ್ತಿ ಹೇಳುತ್ತೇನೆ. ನಲವತ್ತು ವರ್ಷದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೆ ಒಣಗಿರುವುದು ಸಹಜ, ಒಂದಲ್ಲ ಒಂದು ದಿನ ಬದಲಿಸಲೇಬೇಕು. ಆದರೆ ಅದು ನಿರ್ವಹಣೆಯ ಕೆಲಸ, ದೋಷ ಹುಡುಕುವ ದಾರಿಯಲ್ಲ. ಕೆಟ್ಟಿದ್ದ ಮಾನಿಟರಿನಲ್ಲಿ ಒಂದೇ ಸಂಜೆ ಎಲ್ಲವನ್ನೂ ಬದಲಿಸಿದೆ, ಅದರಲ್ಲಿ ಒಂದಕ್ಕೆ ಪ್ಲಸ್ ಮೈನಸ್ ಅದಲುಬದಲಾಯಿತು. ಮೊದಲು ಒಂದು ದೋಷವಿತ್ತು, ಆಮೇಲೆ ಎರಡಾದವು, ಯಾವುದರ ಲಕ್ಷಣ ಯಾವುದು ಎಂದು ಬೇರ್ಪಡಿಸಲು ಆಗಲಿಲ್ಲ. ಈಗ ಒಂದು ತೆಗೆದು ಒಂದು ಹಾಕಿ, ಪಟ್ಟಿಯಲ್ಲಿ ಗುರುತು ಮಾಡಿಯೇ ಮುಂದಿನದಕ್ಕೆ ಹೋಗುತ್ತೇನೆ. 105 ಡಿಗ್ರಿ ಬಿಸಿ ತಾಳುವವನ್ನೇ ಹಾಕಿ.

ಇನ್ನೊಂದು ಮಾತು. ರಿಪೇರಿಗೆಂದು ಈ ಮಾನಿಟರನ್ನು ಮೇಜಿನ ಮೇಲಿಟ್ಟು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಡಿ. ಕ್ಯಾಬಿನೆಟ್ಟಿನೊಳಗೆ ಇದಕ್ಕೆಂದೇ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಗೋಡೆಯ ವಿದ್ಯುತ್ತಿನಿಂದ ಮಾನಿಟರನ್ನು ಬೇರ್ಪಡಿಸುವಂಥದ್ದು) ಇದೆ, ಅದರ ಮೂಲಕವೇ ಕೊಡಬೇಕು. ಅದಿಲ್ಲದಿದ್ದರೆ ಲೋಹದ ಚಾಸಿಸ್ಸಿಗೇ ಮೇನ್ಸ್ ಬಂದುಬಿಡುತ್ತದೆ.

ಮತ್ತೊಂದು ಅನುಭವ:

ಗೆರೆಯಲ್ಲ, ಬೇರೆ ತೊಂದರೆ ಇಟ್ಟುಕೊಂಡು ಇದನ್ನು ಓದುವವರಿಗಾಗಿ ಬರೆಯುತ್ತಿದ್ದೇನೆ. ಪರದೆಯಲ್ಲಿ ಅಕ್ಷರ ಕಲಸಿಹೋಗಿದ್ದರೆ, ಗೊಂಬೆಗಳು ಚೂರುಚೂರಾಗಿದ್ದರೆ ಮಾನಿಟರ್ ಮುಟ್ಟಲೇಬೇಡಿ. ಚೂರಾದ ಚಿತ್ರವನ್ನು ಅಷ್ಟು ಸ್ಪಷ್ಟವಾಗಿ ತೋರಿಸುತ್ತಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ. ಆಟದ ಬೋರ್ಡಿನ ಮೇಲೆಯೇ, ಚಿಪ್ಪಿನ ಕಾಲಿನಲ್ಲಿ 5 ವೋಲ್ಟ್ ಅಳೆಯಿರಿ. ನನ್ನ ಯಂತ್ರದಲ್ಲಿ ಪವರ್ ಸಪ್ಲೈ ಬಾಯಲ್ಲಿ 5 ಇತ್ತು, ಬೋರ್ಡಿಗೆ ಬರುವಷ್ಟರಲ್ಲಿ 4.6. ಕನೆಕ್ಟರ್ ಸುಟ್ಟು ಕಪ್ಪಾಗಿತ್ತು.

ಒಂದು ಬಣ್ಣ ಮಾತ್ರ ಕಾಣೆಯಾಗಿದ್ದರೆ, ಯಂತ್ರ ಆರಿಸಿ, ಮಾನಿಟರಿಗೆ ಬರುವ ಕೆಂಪು ಮತ್ತು ಹಸಿರು ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಮೊದಲು ಕೆಂಪು ಇರಲಿಲ್ಲ, ಈಗ ಹಸಿರು ಇಲ್ಲ ಎಂದಾದರೆ ದೋಷ ಆಟದ ಬೋರ್ಡ್ ಅಥವಾ ತಂತಿಯಲ್ಲಿದೆ. ಈಗಲೂ ಕೆಂಪೇ ಇಲ್ಲವಾದರೆ ಮಾನಿಟರಿನದು, ಹೆಚ್ಚಾಗಿ ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ಸಣ್ಣ ಬೋರ್ಡಿನ ಬೆಸುಗೆ.

ಆಸ್ಟರಾಯ್ಡ್ಸ್, ಟೆಂಪೆಸ್ಟ್ ಇರುವವರು ಇಲ್ಲಿನ ಸಲಹೆಗಳನ್ನು ಹಾಗೆಯೇ ತೆಗೆದುಕೊಳ್ಳಬೇಡಿ. ಅವು ವೆಕ್ಟರ್ ಮಾನಿಟರುಗಳು, ಕಿರಣ ಸಾಲುಸಾಲಾಗಿ ಓಡದೆ ಚಿತ್ರದ ಗೆರೆಗಳನ್ನೇ ಎಳೆಯುತ್ತದೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆ. ಟ್ಯೂಬ್ ಮಲಗಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಎರಡು ಸಲ ಡಿಸ್ಚಾರ್ಜ್ ಮಾಡಿದೆ, ಮೊದಲ ಸಲ ಚಟ್ ಎಂದಾಗ ಕೈ ನಡುಗಿದ್ದು ನಿಜ. ಯೋಕ್ ಕನೆಕ್ಟರಿನ ಒಂದು ಪಿನ್ನಿನ ಸುತ್ತ ನೀವು ಹೇಳಿದ ಹಾಗೆಯೇ ಉಂಗುರದ ಬಿರುಕಿತ್ತು, ಪಿನ್ ಬೆರಳಿಗೆ ಅಲ್ಲಾಡುತ್ತಿತ್ತು. ನಾಲ್ಕೂ ಪಿನ್ನುಗಳಿಗೆ ಹೊಸ ಬೆಸುಗೆ ಹಾಕಿದೆ. ಚಿತ್ರ ಪೂರ್ತಿ ಅಗಲಕ್ಕೆ ತೆರೆದುಕೊಂಡಿತು! ಆದರೆ ಒಂದು ಪಕ್ಕದ ಅಂಚಿನಲ್ಲಿ ಎರಡು ಬೆರಳಗಲ ಚಿತ್ರ ತನ್ನ ಮೇಲೆ ತಾನೇ ಮಡಚಿಕೊಂಡಂತೆ ಕಾಣುತ್ತಿದೆ. ಇದು ಮೊದಲೂ ಸ್ವಲ್ಪ ಇತ್ತು, ನಾನು ಗಮನ ಕೊಟ್ಟಿರಲಿಲ್ಲ.

ಮೊದಲ ಉತ್ತರ ಕೊಟ್ಟವರು:

ಬಹಳ ಸಂತೋಷವಾಯಿತು. ಆ ಮಡಿಕೆಗೂ ತಲೆ ವಾಲಿಸಿ ನೋಡಿ: ನಿಮಗೆ ಪಕ್ಕದ ಅಂಚು, ಟ್ಯೂಬಿಗೆ ಅದು ಮೇಲಿನ ಅಥವಾ ಕೆಳಗಿನ ಅಂಚು. ಅಂದರೆ ಇದೂ ವರ್ಟಿಕಲ್ ಭಾಗದ್ದೇ, ಮತ್ತು ಕಿರಣ ಒಂದು ತುದಿಯಿಂದ ಇನ್ನೊಂದಕ್ಕೆ ಬೇಗ ಹಿಂದಿರುಗಲಾಗದೆ ತಡವರಿಸುತ್ತಿದೆ. ಈಗ ಕೆಪಾಸಿಟರಿನ ಸರದಿ ಬಂತು. ಕಿಟ್ ತರಿಸಿ, ಆದರೆ ಮೊದಲು ವರ್ಟಿಕಲ್ ಭಾಗದ ಎಲೆಕ್ಟ್ರೊಲಿಟಿಕ್‌ಗಳನ್ನಷ್ಟೇ ಬದಲಿಸಿ ಯಂತ್ರ ಹಚ್ಚಿ ನೋಡಿ, ಉಳಿದವಕ್ಕೆ ಆಮೇಲೆ ಕೈ ಹಾಕಿ. ಬೋರ್ಡ್ ತೆಗೆಯುವ ಮುನ್ನ ಮತ್ತೆ ಡಿಸ್ಚಾರ್ಜ್ ಮಾಡಬೇಕು, ಈ ಸಲವೂ ಎರಡು ಬಾರಿ.