ಬ್ರೌಸರ್‌ನಲ್ಲಿ ಹಳೇ ಡೆಸ್ಕ್‌ಟಾಪ್: ಕನ್ನಡದ ಒತ್ತು ಎಲ್ಲಿ ಕೂರಿಸೋಣ?

ಹಳೇಮೌಸ್: ವಿಂಡೋಸ್ 95ರ ಥರ ಕಾಣುವ ಡೆಸ್ಕ್‌ಟಾಪ್ ಒಂದನ್ನು ಬ್ರೌಸರ್‌ನಲ್ಲೇ ಓಡುವ ಹಾಗೆ ಕಟ್ಟುತ್ತಿದ್ದೇನೆ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಮೆನು, ಫೋಲ್ಡರ್ ಎಲ್ಲಾ ಕನ್ನಡದಲ್ಲಿ. ತೊಂದರೆ ಒಂದೇ. ಟೈಟಲ್ ಬಾರ್, ಅಂದರೆ ವಿಂಡೋ ತಲೆಯ ಮೇಲಿನ ಹೆಸರಿನ ಪಟ್ಟಿಯ ಎತ್ತರ ಆಗಿನ ಹಾಗೇ 18 ಪಿಕ್ಸೆಲ್ ಇಟ್ಟಿದ್ದೇನೆ. 'ಕಸದ ಬುಟ್ಟಿ' ತೆರೆದರೆ ಒತ್ತು ಕತ್ತರಿಸಿಹೋಗಿ 'ಬುಟಿ' ಅಂತ ಕಾಣುತ್ತದೆ. ಏನು ಮಾಡಲಿ?

ಎಸ್‌ಪಿರೋಡ್: ಸುಮ್ನೆ ಯಾಕೆ ಕಷ್ಟ ಸರ್? ಬ್ರೌಸರ್‌ನಲ್ಲೇ ಹಳೇ ಪಿಸಿಯನ್ನು ಅನುಕರಿಸುವ ವಿ86 ಅನ್ನೋ ಎಮ್ಯುಲೇಟರ್ ಇದೆಯಲ್ಲ. ಪಿಸಿ ಪ್ರೊಸೆಸರ್‌ನ ಎಕ್ಸ್86 ಕೋಡನ್ನು ಬ್ರೌಸರ್‌ಗೆ ಅರ್ಥವಾಗುವ ವೆಬ್‌ಅಸೆಂಬ್ಲಿಗೆ ಬದಲಿಸಿ ಓಡಿಸುತ್ತದೆ. ಡಿಸ್ಕ್ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಪ್ರತಿ ಇರುವ ಫೈಲ್ ಕೊಟ್ಟರೆ ಹಳೇ ಓಎಸ್ ನಿಜವಾಗಿಯೇ ಬೂಟ್ ಆಗುತ್ತದೆ. ನಕಲು ಕಟ್ಟಿದರೆ ಆ ಖುಷಿ ಸಿಗುವುದಿಲ್ಲ.

ಡಿಟಿಪಿಮನೆ: ಆ ಓಎಸ್ ಇವತ್ತಿಗೂ ಮೈಕ್ರೋಸಾಫ್ಟ್‌ನದ್ದು, ನಾವು ಇಮೇಜ್ ಹಂಚುವ ಹಾಗಿಲ್ಲ. ಅದಕ್ಕಿಂತ ಮುಖ್ಯ, ಅದರಲ್ಲಿ ಕನ್ನಡ ಎಲ್ಲಿತ್ತು? ವಿಂಡೋಸ್‌ನ ಕನ್ನಡ ಫಾಂಟ್ ತುಂಗಾ ಬಂದಿದ್ದೇ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ. ಅದಕ್ಕೂ ಮುಂಚೆ ಡಿಟಿಪಿಯವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟ್ ಬಳಸುತ್ತಿದ್ದರು. ಚಾಮರಾಜಪೇಟೆಯಲ್ಲಿ ನಮ್ಮಪ್ಪನ ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ ಟೈಪ್ ಮಾಡಿ ಫ್ಲಾಪಿಯಲ್ಲಿ ಪ್ರೆಸ್‌ಗೆ ಒಯ್ಯುತ್ತಿದ್ದೆ. ಅಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ! ಮತ್ತೆ ಅಂಗಡಿಗೆ ಓಡಬೇಕಿತ್ತು. ಆಗ ಸಿಗದ ಕನ್ನಡದ ಡೆಸ್ಕ್‌ಟಾಪನ್ನು ಇವರು ಈಗ ಕಟ್ಟುತ್ತಿದ್ದಾರೆ. ಅದು ನಕಲು ಹೇಗಾಗುತ್ತದೆ?

ಎಸ್‌ಪಿರೋಡ್: ಕನ್ನಡದ ಮಾತು ಒಪ್ಪಿದೆ. ಆದರೆ 18 ಪಿಕ್ಸೆಲ್ ಬದಲಿಸಿದರೆ ಹಳೇ ರೂಪ ಕೆಡುತ್ತದೆ ಅಲ್ವಾ? ಅಕ್ಷರವನ್ನೇ ಚಿಕ್ಕದು ಮಾಡಿ.

ಕೀಲಿಮಣೆ: ಬೇಡ, ಚಿಕ್ಕದು ಮಾಡಿದರೆ 'ಪ' ಯಾವುದು, 'ಷ' ಯಾವುದು ಗೊತ್ತಾಗುವುದಿಲ್ಲ. ಹಳೇ ರೂಪ ಇರುವುದು ಅಂಚಿನಲ್ಲಿ. ಬೂದು ಬಟನ್, ಮೇಲೆ ಮತ್ತು ಎಡಕ್ಕೆ ಬಿಳಿ ಗೆರೆ, ಕೆಳಗೆ ಮತ್ತು ಬಲಕ್ಕೆ ಕಪ್ಪು ಗೆರೆ. ಒತ್ತಿದಾಗ ಎರಡೂ ಅದಲುಬದಲು. ಇದು ಸರಿಯಿದ್ದರೆ ಕಣ್ಣು ತಕ್ಷಣ ಗುರುತು ಹಿಡಿಯುತ್ತದೆ, ಬಾರ್ ನಾಲ್ಕಾರು ಪಿಕ್ಸೆಲ್ ಜಾಸ್ತಿ ಆದರೂ ಪರವಾಗಿಲ್ಲ. ಐಕಾನ್‌ಗಳಿಗೆ ಸಿಎಸ್‌ಎಸ್‌ನ 'ಇಮೇಜ್-ರೆಂಡರಿಂಗ್: ಪಿಕ್ಸೆಲೇಟೆಡ್' ಹಾಕುವುದು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ದೊಡ್ಡದು ಮಾಡಿದಾಗ ಮಸುಕಾಗುತ್ತವೆ.

ಹಳೇಮೌಸ್: 26 ಮಾಡಿ ನೋಡಿದೆ. 'ಟ್ಟಿ' ಪೂರ್ತಿ ಕಾಣುತ್ತಿದೆ!

ಡಿಟಿಪಿಮನೆ: ಇನ್ನೊಂದು ನೋಡಿಬಿಡಿ ಸರ್. ಫೋಲ್ಡರ್‌ಗೆ 'ರಾಷ್ಟ್ರಕವಿ' ಅಂತ ಹೆಸರಿಡಿ. ಅಲ್ಲಿ ಎರಡು ಒತ್ತು.

ಹಳೇಮೌಸ್: ಅಂಚಿಗೆ ತಾಗುತ್ತಿದೆ. 28 ಮಾಡುತ್ತೇನೆ.